ಟಿವಿ ವೇದಿಕೆಯಿಂದ ಮೊದಲ ಆಲ್ಬಂಗೆ: ಹಾಡು ಯಾರದು, ರೊಕ್ಕ ಯಾರಿಗೆ?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗನೋ ಹುಡುಗಿಯೋ ಟಿವಿಯ ಹಾಡಿನ ಸ್ಪರ್ಧೆಯಲ್ಲಿ ಫೈನಲ್ ತಲುಪಿದರೆ ಊರಿಗೆ ಊರೇ ಬೆನ್ನಿಗೆ ನಿಲ್ಲುತ್ತದೆ. ಬಸ್‌ಸ್ಟ್ಯಾಂಡಿನ ಎದುರು ಬ್ಯಾನರ್ ಏಳುತ್ತದೆ, ಓದಿದ ಶಾಲೆಯಲ್ಲಿ ಸನ್ಮಾನ ಆಗುತ್ತದೆ, ವೋಟು ಹಾಕಿರೆಂದು ಮೆಸೇಜುಗಳು ಹರಿದಾಡುತ್ತವೆ. ಫಿನಾಲೆ ಮುಗಿದು ಕೆಲವು ತಿಂಗಳಾದ ಮೇಲೆ ಅದೇ ವಾಟ್ಸಾಪ್ ಗುಂಪುಗಳಿಗೆ ಇನ್ನೊಂದು ಸುದ್ದಿ ಬರುತ್ತದೆ: ‘ನಮ್ಮ ಹುಡುಗಿಯ ಮೊದಲ ಆಲ್ಬಂ ಬಿಡುಗಡೆ ಆಗಿದೆ, ಎಲ್ಲರೂ ಕೇಳಿ.’ ಕೆಳಗೊಂದು ಲಿಂಕು.

ಆಗ ಪ್ರಶ್ನೆಗಳು ಶುರುವಾಗುತ್ತವೆ. ‘ಕ್ಯಾಸೆಟ್ ಎಲ್ಲಿ ಸಿಗ್ತದ?’ ಎನ್ನುತ್ತಾರೆ ಹಿರಿಯರು. ‘ನಾವು ಯೂಟ್ಯೂಬಿನ್ಯಾಗ ಕೇಳಿದ್ರ ಆಕೀಗೆ ರೊಕ್ಕ ಬರ್ತದೇನ್ರೀ?’ ‘ಟಿವಿಯೊಳಗ ಅಷ್ಟು ಚಂದ ಹಾಡಿದ್ಲಲ್ಲ, ಆ ಹಾಡು ಇದರಾಗ ಯಾಕಿಲ್ಲ?’ ‘ಗೆದ್ದವರನ್ನ ಬಿಟ್ಟು ಎರಡನೇ ನಂಬರಿನಾಕಿ ಆಲ್ಬಂ ಹೆಂಗ ಬಂತು?’ ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳು. ಉತ್ತರ ಬೇಕೆಂದರೆ ಹಾಡು ಹೇಗೆ ತಯಾರಾಗುತ್ತದೆ, ಕಾನೂನಿನ ಪ್ರಕಾರ ಅದು ಯಾರ ಸೊತ್ತು, ಅದರ ಹಣ ಯಾವ ದಾರಿಯಲ್ಲಿ ಹರಿಯುತ್ತದೆ ಎಂಬುದು ತಿಳಿಯಬೇಕು. ಹಾಡುವ ಮಕ್ಕಳಿರುವ ಮನೆಯವರಿಗಂತೂ ಇದು ಆಲ್ಬಂ ಬಿಡುಗಡೆಗೆ ಬಹಳ ಮುಂಚೆಯೇ ಗೊತ್ತಿರಬೇಕು. ಮೊದಲ ಹಾಡು ರೆಕಾರ್ಡ್ ಆಗುವ ಮುನ್ನವೇ ಒಂದು ಕಾಗದಕ್ಕೆ ಸಹಿ ಬಿದ್ದಿರುತ್ತದೆ. ಮುಂದಿನ ಬಹಳಷ್ಟು ಸಂಗತಿಗಳನ್ನು ತೀರ್ಮಾನಿಸುವುದು ಆ ಕಾಗದವೇ.

## ಆಲ್ಬಂ ಎಂದರೆ ಈಗ ಏನು?

ಹಾಡನ್ನು ಯಾವುದರಲ್ಲಿ ಹಿಡಿದಿಡುತ್ತಾರೋ ಅದರ ಅಳತೆಗೆ ಹಾಡೂ ಹೊಂದಿಕೊಳ್ಳುತ್ತ ಬಂದಿದೆ. ಗ್ರಾಮೊಫೋನ್ ಕಾಲದಲ್ಲಿ ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಹಾಡು. ರಾಗವನ್ನು ಗಂಟೆಗಟ್ಟಲೆ ಬಿಡಿಸಿ ಹಾಡುವ ಈ ಸೀಮೆಯ ಗಾಯಕರು ಆ ಮೂರು ನಿಮಿಷಕ್ಕೆ ತಮ್ಮ ಕಲೆಯನ್ನು ಒಗ್ಗಿಸಿಕೊಂಡರು. ಗ್ರಾಮೊಫೋನ್ ಕಂಪನಿ ಎಚ್‌ಎಂವಿ ತಂದ ಗಂಗೂಬಾಯಿ ಹಾನಗಲ್ ಅವರ ಆರಂಭದ ತಟ್ಟೆಗಳ ಮೇಲೆ ಇದ್ದದ್ದು ‘ಗಾಂಧಾರಿ’ ಎಂಬ ಹೆಸರು. ಗದಗ ಜಿಲ್ಲೆಯ ಭೀಮಸೇನ ಜೋಶಿಯವರು ಹನ್ನೊಂದರ ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ತಟ್ಟೆಯೊಂದನ್ನು ಕೇಳಿ, ಹಾಗೆ ಹಾಡಬೇಕೆಂದು 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆಬಿಟ್ಟು ಹೋದರು. ಅವರದೇ ಮೊದಲ ತಟ್ಟೆಯನ್ನು ಎಚ್‌ಎಂವಿ 1942ರಲ್ಲಿ ತಂದಿತು. ಅದರಲ್ಲಿದ್ದದ್ದು ಕೆಲವು ಭಕ್ತಿಗೀತೆಗಳು. ಮೊದಲ ಧ್ವನಿಮುದ್ರಣ ಚಿಕ್ಕದಿರುವುದು, ಜನಕ್ಕೆ ಸುಲಭವಾಗಿ ತಲುಪುವ ಹಾಡುಗಳಿಂದ ಶುರುವಾಗುವುದು ಇಂದಿನ ಟಿವಿ ಮಕ್ಕಳಿಂದ ಬಂದ ರೂಢಿಯಲ್ಲ ಎನ್ನುವುದಕ್ಕೆ ಇದನ್ನು ಹೇಳಿದೆ.

1948ರಲ್ಲಿ ಬಂದ ಎಲ್‌ಪಿ ತಟ್ಟೆ ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಜಾಗ ಕೊಟ್ಟಿತು. ಹತ್ತಾರು ಹಾಡುಗಳನ್ನು ಒಂದು ಕ್ರಮದಲ್ಲಿ ಜೋಡಿಸಿ ಕೇಳಿಸುವ ಪದ್ಧತಿ ಗಟ್ಟಿಯಾದದ್ದು ಆಗ. ಕನ್ನಡದಲ್ಲಿ ಆ ಪದ್ಧತಿಯನ್ನು ಮನೆಮನೆಗೆ ತಂದದ್ದು ಧ್ವನಿಸುರುಳಿ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ಕ್ಯಾಸೆಟ್ ಆಗಿ ಬಂದ ಮೇಲೆ ಭಾವಗೀತೆಯ ಧ್ವನಿಸುರುಳಿಗಳ ಒಂದು ದೊಡ್ಡ ಕಾಲವೇ ನಡೆಯಿತು.

ಈಗ ಕೈಯಲ್ಲಿ ಹಿಡಿಯುವ ವಸ್ತು ಇಲ್ಲ. ಕ್ಯಾಸೆಟ್ ಅಂಗಡಿಗೆ ಹೋಗಿ ಕೇಳುವಂತಿಲ್ಲ. ಹಾಡುಗಳು ಸ್ಪಾಟಿಫೈ, ಜಿಯೋಸಾವನ್, ಆ್ಯಪಲ್ ಮ್ಯೂಸಿಕ್, ಯೂಟ್ಯೂಬ್ ಮುಂತಾದ ಕಡೆ ಫೈಲುಗಳಾಗಿ ಇರುತ್ತವೆ. ಆದರೂ ಆ ಕಂಪನಿಗಳಿಗೆ ಒಂದು ಲೆಕ್ಕವಿದೆ. ಮೂರರೊಳಗಿನ ಹಾಡುಗಳಿದ್ದರೆ ಸಿಂಗಲ್, ನಾಲ್ಕರಿಂದ ಆರು ಹಾಡು ಇದ್ದು ಒಟ್ಟು ಮೂವತ್ತು ನಿಮಿಷದೊಳಗಿದ್ದರೆ ಇಪಿ, ಏಳು ಅಥವಾ ಅದಕ್ಕಿಂತ ಹೆಚ್ಚು ಹಾಡು ಇದ್ದರೆ ಆಲ್ಬಂ ಎಂದು ಸ್ಥೂಲವಾಗಿ ವಿಂಗಡಿಸುತ್ತಾರೆ. ನಮ್ಮ ಜನ ಸಿನಿಮಾದ್ದಲ್ಲದ ಒಂದೇ ಒಂದು ವಿಡಿಯೊ ಹಾಡಿಗೂ ‘ಆಲ್ಬಂ ಸಾಂಗ್’ ಎನ್ನುವುದುಂಟು. ಹಾಗಾಗಿ ‘ಆಲ್ಬಂ ಬಂದಿದೆ’ ಎಂಬ ಸುದ್ದಿ ತೆರೆದು ನೋಡಿದಾಗ ಒಂದೇ ಹಾಡು ಕಂಡರೆ ಯಾರೋ ಮೋಸ ಮಾಡಿದರು ಎಂದುಕೊಳ್ಳಬೇಕಿಲ್ಲ.

## ಟಿವಿಯಲ್ಲಿ ಹಾಡಿದ ಹಾಡು ಆಲ್ಬಂನಲ್ಲಿ ಯಾಕಿಲ್ಲ?

ಸ್ಪರ್ಧೆಯಲ್ಲಿ ಹಾಡುವುದು ಹೆಚ್ಚಾಗಿ ಬೇರೆಯವರ ಹಾಡನ್ನು: ಹಳೆಯ ಸಿನಿಮಾ ಗೀತೆ, ಭಾವಗೀತೆ, ಆಗಲೇ ಜನಪ್ರಿಯವಾದ ಜಾನಪದ. ಆ ಹಾಡಿನ ಸಾಹಿತ್ಯ, ರಾಗ ಸಂಯೋಜನೆಗಳಿಗೆ ಬೇರೆ ಒಡೆಯರಿದ್ದಾರೆ. ಅದನ್ನು ಪ್ರಸಾರ ಮಾಡಲು ಬೇಕಾದ ಅನುಮತಿಯನ್ನು ವಾಹಿನಿ ಪಡೆದಿರುತ್ತದೆ, ಚಿತ್ರೀಕರಿಸಿದ ಕಂತು ವಾಹಿನಿಯ ಸೊತ್ತು. ಹುಡುಗಿಯ ದನಿ ಅದರಲ್ಲಿದ್ದ ಮಾತ್ರಕ್ಕೆ ಆ ತುಣುಕನ್ನು ಆಕೆ ತನ್ನ ಆಲ್ಬಂನಲ್ಲಿ ಸೇರಿಸಲು ಬರುವುದಿಲ್ಲ.

ಬೇರೆಯವರ ಹಾಡನ್ನು ಹೊಸದಾಗಿ ತಾನೇ ಹಾಡಿ ರೆಕಾರ್ಡ್ ಮಾಡಿ ಹೊರತರುವುದಕ್ಕೆ ಕವರ್ ಎನ್ನುತ್ತಾರೆ. ಹಾಡಿನ ಒಡೆಯರು ಒಪ್ಪಿದರೆ ಯಾವಾಗ ಬೇಕಾದರೂ ಮಾಡಬಹುದು. ಅವರ ಒಪ್ಪಿಗೆ ಇಲ್ಲದೆಯೂ ಮಾಡಲು ಕೃತಿಸ್ವಾಮ್ಯ ಕಾಯ್ದೆಯ 31ಸಿ ಕಲಂ ಒಂದು ದಾರಿ ಇಟ್ಟಿದೆ, ಆದರೆ ಅದು ಕಿರಿದು. ಮೂಲ ಧ್ವನಿಮುದ್ರಣ ಆದ ವರ್ಷ ಮುಗಿದು ಐದು ವರ್ಷ ಕಳೆದಿರಬೇಕು, ಮುಂಚಿತವಾಗಿ ನೋಟಿಸ್ ಕೊಟ್ಟು ರಾಯಲ್ಟಿ (ಬಳಕೆಗಾಗಿ ಹಕ್ಕುದಾರರಿಗೆ ಸಲ್ಲುವ ಹಣ) ಕಟ್ಟಬೇಕು, ಪ್ರತಿ ಕೃತಿಗೆ ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಕೊಡಬೇಕು, ಇದು ಕವರ್ ಎಂದು ಹೊದಿಕೆಯ ಮೇಲೆ ಬರೆಯಬೇಕು. ಹೊಸ ಗಾಯಕಿಯ ಮೊದಲ ಆಲ್ಬಂಗೆ ಇಷ್ಟು ಹೊರೆ ಯಾರೂ ಹೊರುವುದಿಲ್ಲ.

ಈ ಕಾರಣಕ್ಕೆ ಮೊದಲ ಆಲ್ಬಂ ಹಾಡುಗಾರರಿಗೆ ಒಂದು ಹೊಸ ಪರೀಕ್ಷೆ. ಸ್ಪರ್ಧೆಯಲ್ಲಿ ಕೇಳುಗರಿಗೆ ಮೂಲ ಹಾಡು ಬಾಯಿಪಾಠ. ಅದಕ್ಕೆ ಎಷ್ಟು ಹತ್ತಿರ ಬಂದರು, ಎಲ್ಲಿ ಸ್ವಂತದ ಒಂದು ತಿರುವು ಕೊಟ್ಟರು ಎಂಬುದನ್ನೇ ಅಳೆಯುತ್ತಾರೆ. ಆಲ್ಬಂ ಹಾಡಿಗೆ ಅಂಥ ಮೂಲವಿಲ್ಲ. ಆ ಸಾಲನ್ನು ಹೇಗೆ ಹಾಡಬೇಕೆಂದು ಮೊದಲ ಸಲ ತೀರ್ಮಾನಿಸುವವರು ಆಕೆಯೇ. ನನ್ನ ಅಭಿಪ್ರಾಯದಲ್ಲಿ ಇದು ಫಿನಾಲೆಗಿಂತ ಕಷ್ಟದ ಕೆಲಸ, ಯಾಕೆಂದರೆ ಇಲ್ಲಿ ಜನಕ್ಕೆ ಪ್ರೀತಿ ಮೂಡಿಸಲು ಹಳೆಯ ಹಾಡಿನ ನೆನಪು ಸಹಾಯಕ್ಕೆ ಬರುವುದಿಲ್ಲ.

ಗೆಲುವಿನ ಪ್ರಶ್ನೆಯನ್ನೂ ಇಲ್ಲೇ ಮುಗಿಸಿಬಿಡೋಣ. ಗೆದ್ದವರು ಯಾರೆಂದು ಆ ಒಂದು ಸಂಜೆಯ ತೀರ್ಪುಗಾರರು ಮತ್ತು ವೋಟುಗಳು ಹೇಳುತ್ತವೆ. ಆಲ್ಬಂಗೆ ಹಣ ಹಾಕುವವರು ನೋಡುವುದು ಬೇರೆ: ಕಣ್ಣು ಮುಚ್ಚಿ ಕೇಳಿದರೂ ಗುರುತು ಸಿಗುವ ದನಿಯೇ, ಯಾವ ಬಗೆಯ ಹಾಡಿಗೆ ಹೊಂದುತ್ತದೆ, ವಾಹಿನಿಯ ಜೊತೆಗಿನ ಒಪ್ಪಂದದ ಅವಧಿ ಮುಗಿದಿದೆಯೇ. ಹಿಂದಿಯ ಮೊದಲ ಇಂಡಿಯನ್ ಐಡಲ್ ಗೆದ್ದ ಅಭಿಜೀತ್ ಸಾವಂತ್ ಅವರ ಆಲ್ಬಂ 2005ರಲ್ಲೇ ಬಂತು. ಅದೇ 2005ರಲ್ಲಿ ಫೇಮ್ ಗುರುಕುಲ್ ಎಂಬ ಇನ್ನೊಂದು ಸ್ಪರ್ಧೆಯಲ್ಲಿ ಗೆಲ್ಲದೆ ಹೊರಬಿದ್ದವರು ಅರಿಜಿತ್ ಸಿಂಗ್. ಬ್ರಿಟನ್ನಿನ ಸೂಸನ್ ಬಾಯ್ಲ್ 2009ರಲ್ಲಿ ಅಲ್ಲಿನ ಟಿವಿ ಸ್ಪರ್ಧೆಯೊಂದರಲ್ಲಿ ಎರಡನೇ ಸ್ಥಾನ ಪಡೆದರು, ಅದೇ ವರ್ಷ ಬಂದ ಅವರ ಮೊದಲ ಆಲ್ಬಂ ಲೋಕದಾದ್ಯಂತ ಮಾರಾಟವಾಯಿತು. ನಮ್ಮಲ್ಲೇ ಹಾವೇರಿ ಜಿಲ್ಲೆಯ ಹನುಮಂತ ಲಮಾಣಿ 2019ರಲ್ಲಿ ಮುಗಿದ ‘ಸರಿಗಮಪ’ದ ಆವೃತ್ತಿಯಲ್ಲಿ ರನ್ನರ್ ಅಪ್ ಆದವರು, ಜನ ಅವರನ್ನು ಮರೆಯಲಿಲ್ಲ.

## ಸ್ಟುಡಿಯೊದಲ್ಲಿ ಏನಾಗುತ್ತದೆ?

ವೇದಿಕೆಯಲ್ಲಿ ಗಾಯಕಿ, ವಾದ್ಯದವರು, ಕೇಳುಗರು ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ಇರುತ್ತಾರೆ. ಸ್ಟುಡಿಯೊದಲ್ಲಿ ಒಬ್ಬೊಬ್ಬರದು ಒಂದೊಂದು ದಿನ. ಮೊದಲು ಸಾಹಿತ್ಯ ಮತ್ತು ಧಾಟಿ ನಿಲ್ಲುತ್ತದೆ. ನಂತರ ಶ್ರುತಿ ಗೊತ್ತುಮಾಡುತ್ತಾರೆ, ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಕಪ್ಪು ಎರಡೋ ಬಿಳಿ ನಾಲ್ಕೋ ಎಂದು. ಆಮೇಲೆ ವೇಗ. ಕಂಪ್ಯೂಟರಿನಲ್ಲಿ ಟಕ್ ಟಕ್ ಎಂದು ಲಯ ತೋರಿಸುವ ಕ್ಲಿಕ್ ಹಾಕಿ, ಕೀಬೋರ್ಡಿನ ಮೇಲೆ ಹಾಡಿನ ಕಚ್ಚಾ ರೂಪ ಹೆಣೆಯುತ್ತಾರೆ. ಆ ಕಚ್ಚಾ ರೂಪಕ್ಕೆ ಯಾರಾದರೂ ಹಾಡಿದ್ದು ಟ್ರ್ಯಾಕ್. ಅದನ್ನು ಕೇಳಿಕೊಂಡು ತಬಲಾ, ಕೊಳಲು, ಗಿಟಾರ್‌ನವರು ಬಂದು ನುಡಿಸಿ ಹೋಗುತ್ತಾರೆ. ಗಾಯಕಿಯ ಸರದಿ ಬಂದಾಗ ಆಕೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೈಕಿನ ಎದುರು ಒಬ್ಬಳೇ ನಿಂತಿರುತ್ತಾಳೆ. ಪಲ್ಲವಿಯನ್ನೇ ಹತ್ತು ಸಲ ಹಾಡಿಸಿ ಒಂದೊಂದು ಸಲದ ಒಳ್ಳೆಯ ಸಾಲನ್ನು ಆಯ್ದು ಜೋಡಿಸುವುದು ಎಲ್ಲ ಕಡೆಯ ರೂಢಿ. ಕೊನೆಗೆ ಎಲ್ಲ ದನಿಗಳ ಪ್ರಮಾಣ ಹೊಂದಿಸುವ ಕೆಲಸಕ್ಕೆ ಮಿಕ್ಸಿಂಗ್ ಎನ್ನುತ್ತಾರೆ. ಹಾಡು ಮೊಬೈಲಿನಲ್ಲೂ ಕಾರಿನಲ್ಲೂ ಸರಿಯಾಗಿ ಕೇಳುವಂತೆ, ಆಲ್ಬಂನ ಹಾಡುಗಳೆಲ್ಲ ಒಂದೇ ಗಟ್ಟಿತನದಲ್ಲಿರುವಂತೆ ಮಾಡುವ ಕೊನೆಯ ಹಂತ ಮಾಸ್ಟರಿಂಗ್.

ಧಾರವಾಡದ ಕಡೆಯ ಮಕ್ಕಳಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಲ್ಲಿ ಹಲವರು ಹಿಂದೂಸ್ತಾನಿ ಗುರುಗಳ ಮನೆಯಲ್ಲಿ ಅಥವಾ ಗದುಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಕಲಿತು ಬಂದವರು. ಪಂಚಾಕ್ಷರಿ ಗವಾಯಿಗಳು, ಆಮೇಲೆ ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೂ ಬಡ ಮಕ್ಕಳಿಗೂ ಸಂಗೀತ ಕಲಿಸಿದ ಆ ಪರಂಪರೆಯಲ್ಲಿ ಕಿವಿ ಹದವಾಗುವುದು ತಂಬೂರಿಯಿಂದ. ತಂಬೂರಿಯ ಷಡ್ಜದ (‘ಸ’ ಸ್ವರದ) ತಂತಿ ಮಿಡಿದಾಗ ಅದರೊಳಗಿಂದಲೇ ಒಂದು ಗಾಂಧಾರ (‘ಗ’ ಸ್ವರ) ಕೇಳಿಸುತ್ತದೆ, ಅದಕ್ಕೆ ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಕೀಬೋರ್ಡಿನ ಗಾಂಧಾರ ಅದಲ್ಲ. ಕೀಬೋರ್ಡಿನಲ್ಲಿ ಒಂದು ಸ್ಥಾಯಿಯನ್ನು, ಎಂದರೆ ‘ಸ’ದಿಂದ ಮೇಲಿನ ‘ಸ’ದವರೆಗಿನ ಅಂತರವನ್ನು, ಹನ್ನೆರಡು ಸಮಭಾಗ ಮಾಡಿದ್ದಾರೆ. ಪಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವನ್ನು ನೂರು ಎಂದುಕೊಂಡರೆ, ಷಡ್ಜದಿಂದ ಕೀಬೋರ್ಡಿನ ಶುದ್ಧ ಗಾಂಧಾರ 400ರಲ್ಲಿದೆ. ತಂಬೂರಿಯದು ಸುಮಾರು 386ರಲ್ಲಿ. ಹದಿನಾಲ್ಕರಷ್ಟು ವ್ಯತ್ಯಾಸ. ತಂಬೂರಿಗೆ ಹದವಾದ ಗಂಟಲು ತನ್ನ ಗಾಂಧಾರ ಹಚ್ಚಿದಾಗ ಕೀಬೋರ್ಡಿನ ಜೊತೆ ಅದು ಒಂದು ಕೂದಲೆಳೆ ಕೆಳಗೆ ಕೇಳುತ್ತದೆ. ಹಾಡಿದವರದೇನೂ ತಪ್ಪಿರುವುದಿಲ್ಲ.

ಈಗ ಸ್ವರ ತಿದ್ದುವ ತಂತ್ರಾಂಶ ಬರುತ್ತದೆ. 1997ರಲ್ಲಿ ಆಟೊ-ಟ್ಯೂನ್ ಹೆಸರಿನಲ್ಲಿ ಶುರುವಾದ ಈ ಬಗೆಯ ಸಾಧನ ಇಂದು ಚಿಕ್ಕ ಸ್ಟುಡಿಯೊಗಳಲ್ಲೂ ಇದೆ. ದನಿ ಎಲ್ಲಿ ಜಾರಿದೆಯೋ ಅದನ್ನು ಹತ್ತಿರದ ಕೀಬೋರ್ಡ್ ಮನೆಗೆ ಎಳೆದು ಕೂರಿಸುವುದು ಅದರ ಕೆಲಸ. ಪೂರ್ತಿ ಅದರ ಕೈಗೇ ಬಿಟ್ಟರೆ ಒಂದು ಸ್ವರದಿಂದ ಇನ್ನೊಂದಕ್ಕೆ ತೇಲಿ ಹೋಗುವ ಮೀಂಡನ್ನು ಮೆಟ್ಟಿಲು ಮೆಟ್ಟಿಲಾಗಿ ಒಡೆದುಬಿಡುತ್ತದೆ. ಕಿವಿ ಇರುವ ಎಂಜಿನಿಯರ್ ಮೀಂಡು, ಆಂದೋಲನ (ಸ್ವರದ ಮೆಲ್ಲನೆಯ ತೂಗಾಟ) ಇರುವ ಜಾಗಗಳನ್ನು ಬಿಟ್ಟು, ನಿಜಕ್ಕೂ ಜಾರಿದ ಕಡೆ ಮಾತ್ರ ಕೈಯಿಂದ ತಿದ್ದುತ್ತಾನೆ. ಟಿವಿಯಲ್ಲಿ ಕೇಳಿದ ದನಿಗೂ ಆಲ್ಬಂನ ದನಿಗೂ ‘ಯಾಕೋ ಫರಕ್ ಐತಿ’ ಎಂದು ನಮ್ಮ ಜನರಿಗೆ ಅನ್ನಿಸಿದರೆ, ಹಲವು ಸಲ ಕಾರಣ ಇದೇ.

## ಒಂದು ಹಾಡಿನೊಳಗೆ ಎಷ್ಟು ಸೊತ್ತು?

ಭಾರತದ ಕೃತಿಸ್ವಾಮ್ಯ ಕಾಯ್ದೆ 1957ರದು, 2012ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಆ ಕಾಯ್ದೆಯ ಪ್ರಕಾರ ನಾವು ಒಂದೇ ಎಂದುಕೊಳ್ಳುವ ಹಾಡಿನೊಳಗೆ ಮೂರು ಬೇರೆ ಬೇರೆ ಸೊತ್ತುಗಳಿವೆ. ಸಾಹಿತ್ಯ ಬರೆದವರದು. ರಾಗ ಸಂಯೋಜನೆ ಸಂಗೀತ ಸಂಯೋಜಕರದು. ಧ್ವನಿಮುದ್ರಣ ನಿರ್ಮಾಪಕರದು, ಎಂದರೆ ಆ ಮುದ್ರಣ ಆಗಲೆಂದು ಮುಂದೆ ನಿಂತು ಹೊಣೆ ಹೊತ್ತವರದು. ಮೊದಲ ಎರಡಕ್ಕೆ ಕರ್ತೃವಿನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ರಕ್ಷಣೆ. ಧ್ವನಿಮುದ್ರಣಕ್ಕೆ ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ.

ಈ ಪಟ್ಟಿಯಲ್ಲಿ ಹಾಡಿದವರು ಎಲ್ಲಿ? ಬಹಳ ಜನಕ್ಕೆ ಅಚ್ಚರಿ ಆಗುವುದು ಇಲ್ಲೇ. ಬರೀ ಹಾಡಿದ್ದರಿಂದ ಈ ಮೂರರಲ್ಲಿ ಯಾವುದೂ ಗಾಯಕರ ಹೆಸರಿಗೆ ಬರುವುದಿಲ್ಲ. ಅವರಿಗಿರುವುದು ನಾಲ್ಕನೆಯದೊಂದು, ಪ್ರದರ್ಶಕರ ಹಕ್ಕು. ಹಾಡಿದ ಮುಂದಿನ ವರ್ಷದಿಂದ 50 ವರ್ಷ ಅದು ಇರುತ್ತದೆ. 2012ರ ತಿದ್ದುಪಡಿ ಅದಕ್ಕೆ ಬಲ ಕೊಟ್ಟಿತು: ಹಾಡನ್ನು ವಾಣಿಜ್ಯಕ್ಕೆ ಬಳಸಿದರೆ ಹಾಡಿದವರಿಗೆ ರಾಯಲ್ಟಿಯ ಅರ್ಹತೆ ಬಂತು. ಹಾಡಿದ್ದು ತಾನೆಂದು ಹೆಸರು ಹಾಕಿಸಿಕೊಳ್ಳುವ ಹಕ್ಕು, ತನ್ನ ಹೆಸರು ಕೆಡುವಂತೆ ಆ ದನಿಯನ್ನು ತಿರುಚಿದರೆ ತಡೆಯುವ ಹಕ್ಕು ಕೂಡ ಬಂದವು. ಈ ಹಕ್ಕುಗಳಿಗಾಗಿ ಗಾಯಕರದೇ ಒಂದು ಸಂಘ, ಇಸ್ರಾ, 2013ರಲ್ಲಿ ನೋಂದಣಿಯಾಯಿತು. ಸಾಹಿತಿಗಳು ಮತ್ತು ಸಂಯೋಜಕರ ಪರವಾಗಿ ರಾಯಲ್ಟಿ ವಸೂಲಿ ಮಾಡುವ ಐಪಿಆರ್‌ಎಸ್ 1969ರಿಂದಲೇ ಇದೆ.

ಸಾಹಿತ್ಯ ಬರೆದವರಿಗೂ ಸಂಯೋಜಕರಿಗೂ ಕಾನೂನು ಇನ್ನೊಂದು ಗಟ್ಟಿ ಆಸರೆ ಕೊಟ್ಟಿದೆ. ತಮ್ಮ ಕೃತಿಸ್ವಾಮ್ಯವನ್ನು ಕಂಪನಿಗೆ ಬರೆದುಕೊಟ್ಟರೂ ಅದರ ಬಳಕೆಯಿಂದ ಬರುವ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಅವರು ಬಿಟ್ಟುಕೊಡುವಂತಿಲ್ಲ. ‘ನನಗೆ ರಾಯಲ್ಟಿ ಬೇಡ’ ಎಂದು ಸಹಿ ಮಾಡಿಸಿಕೊಂಡಿದ್ದರೂ ಆ ಮಾತು ನಿಲ್ಲುವುದಿಲ್ಲ. ಆ ಹಕ್ಕನ್ನು ವಾರಸುದಾರರಿಗೋ ಕೃತಿಸ್ವಾಮ್ಯ ಸಂಘಕ್ಕೋ ಮಾತ್ರ ವಹಿಸಬಹುದು.

ಈ ಲೆಕ್ಕ ನಮ್ಮ ನೆಲದ ಹಾಡುಗಳ ವಿಷಯದಲ್ಲಿ ಹೇಗೆ ಕೂರುತ್ತದೆಂದು ನೋಡಿದರೆ ಮಾತು ಸ್ಪಷ್ಟವಾಗುತ್ತದೆ. ಹಾವೇರಿ ಜಿಲ್ಲೆ ಶಿಶುನಾಳದ ಸಂತ ಷರೀಫರು 1889ರಲ್ಲಿ ತೀರಿಕೊಂಡರು. ಅವರ ತತ್ವಪದಗಳ ಸಾಹಿತ್ಯಕ್ಕೆ ಇಂದು ಯಾರ ಅನುಮತಿಯೂ ಬೇಡ. ವಚನಗಳು, ಬಾಡದ ಕನಕದಾಸರ ಕೀರ್ತನೆಗಳು, ಸರ್ವಜ್ಞನ ತ್ರಿಪದಿಗಳು ಎಲ್ಲವೂ ಹಾಗೇ ಮುಕ್ತ. ಹೊಸಬರ ಮೊದಲ ಆಲ್ಬಂಗಳಲ್ಲಿ ಒಂದೆರಡು ತತ್ವಪದವೋ ವಚನವೋ ಇರುವುದಕ್ಕೆ ಭಕ್ತಿಯ ಜೊತೆಗೆ ಇದೂ ಒಂದು ಕಾರಣ. ಆದರೆ ಎಚ್ಚರ ಬೇಕಾದ ಒಂದು ಜಾಗವಿದೆ. ನಾವು ಕೇಳಿ ಬೆಳೆದ ಷರೀಫರ ಪದಗಳ ಧಾಟಿಗಳಲ್ಲಿ ಹಲವನ್ನು ಸಿ. ಅಶ್ವತ್ಥ್ ಅವರಂಥ ಸಂಯೋಜಕರು ನಮ್ಮ ಕಾಲದಲ್ಲೇ ಕಟ್ಟಿದ್ದು. ಪದ ಷರೀಫರದು, ಮುಕ್ತ, ಧಾಟಿ ಮುಕ್ತವಲ್ಲ. ಊರಿನ ಭಜನಾ ಮೇಳದಲ್ಲಿ ತಲೆಮಾರುಗಳಿಂದ ಬಂದ ಮಟ್ಟಿನಲ್ಲಿ ಹಾಡಿದರೆ ಅಥವಾ ಹೊಸ ಧಾಟಿ ಹಾಕಿದರೆ ತೊಂದರೆ ಇಲ್ಲ.

ಬೇಂದ್ರೆಯವರ ಕವಿತೆ ಹಾಡಬೇಕೆಂದರೆ ಲೆಕ್ಕ ಬೇರೆ. ಅವರು ತೀರಿಕೊಂಡದ್ದು 1981ರಲ್ಲಿ. ಮುಂದಿನ ವರ್ಷದಿಂದ 60 ವರ್ಷ ಎಣಿಸಿದರೆ, ಅವರ ಜೀವಿತಕಾಲದಲ್ಲಿ ಪ್ರಕಟವಾದ ಕವಿತೆಗಳ ಹಕ್ಕು 2041ರ ಕೊನೆಯವರೆಗೂ ವಾರಸುದಾರರದು. ಧಾರವಾಡದವರೆಲ್ಲ ‘ನಮ್ಮ ಅಜ್ಜ’ ಎಂದು ಹಕ್ಕಿನಿಂದ ಹಾಡುವ ಕವಿಯಾದರೂ ಧ್ವನಿಮುದ್ರಣ ಮಾಡಿ ಹೊರತರುವ ಮುನ್ನ ಅನುಮತಿ ಪತ್ರ ಕೈಯಲ್ಲಿರಬೇಕು.

## ಕಾಗದ: ಖರೀದಿಯೋ, ಲಾವಣಿಯೋ?

ಹಕ್ಕುಗಳನ್ನು ಕಂಪನಿಗೆ ಕೊಡುವುದಕ್ಕೆ ಎರಡು ದಾರಿ. ಒಂದು, ಬರೆದುಕೊಡುವುದು. ಇನ್ನೊಂದು, ಬಳಸಲು ಪರವಾನಗಿ ಕೊಡುವುದು. ನಮ್ಮ ಕಡೆ ಹೊಲದ ವ್ಯವಹಾರ ಗೊತ್ತಿದ್ದವರಿಗೆ ಇದು ಬೇಗ ತಿಳಿಯುತ್ತದೆ. ಹೊಲವನ್ನು ಖರೀದಿಗೆ ಕೊಟ್ಟರೆ ಉತಾರದಲ್ಲಿ ಹೆಸರೇ ಬದಲಾಗುತ್ತದೆ. ಲಾವಣಿಗೆ, ಎಂದರೆ ಗೇಣಿಗೆ, ಹಾಕಿದರೆ ಬಿತ್ತಿ ಬೆಳೆಯುವವರು ಬೇರೆಯಾದರೂ ಹೊಲ ನಿಮ್ಮ ಹೆಸರಿನಲ್ಲೇ ಇರುತ್ತದೆ, ಮುದ್ದತು ಮುಗಿದ ಮೇಲೆ ತಿರುಗಿ ನಿಮ್ಮ ಕೈಗೆ ಬರುತ್ತದೆ. ಬರೆದುಕೊಡುವುದು ಖರೀದಿಯ ಹಾಗೆ, ಪರವಾನಗಿ ಲಾವಣಿಯ ಹಾಗೆ. ಹಾಡಿನ ಕಾಗದದಲ್ಲಿ ಮೊದಲು ಹುಡುಕಬೇಕಾದದ್ದು ಈ ಎರಡರಲ್ಲಿ ಯಾವುದು ಎಂಬುದನ್ನು.

ಕಾಯ್ದೆಯ 19ನೇ ಕಲಂ ಇಲ್ಲಿ ಬಹಳ ಕೆಲಸಕ್ಕೆ ಬರುತ್ತದೆ, ಅದು ಗಾಯಕರ ಹಕ್ಕಿಗೂ ಅನ್ವಯಿಸುತ್ತದೆ. ಬರೆದುಕೊಡುವುದು ಲಿಖಿತವಾಗಿರಬೇಕು, ಸಹಿ ಇರಬೇಕು. ಯಾವ ಹಾಡು, ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶಕ್ಕೆ, ಎಷ್ಟು ರಾಯಲ್ಟಿ ಎಂದು ಬರೆದಿರಬೇಕು. ವರ್ಷ ನಮೂದಿಸದಿದ್ದರೆ ಐದು ವರ್ಷ ಎಂದೇ ಅರ್ಥ. ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕಾಗದದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಆ ಹಕ್ಕು ತಾನಾಗಿ ಬಿದ್ದುಹೋಗುತ್ತದೆ. ‘ಬಾಯಿಮಾತಿನ್ಯಾಗ ಎಲ್ಲಾ ಹೇಳ್ಯಾರ, ನಂಬಿಕಿ ಮ್ಯಾಲ ನಡೀತದ’ ಎನ್ನುವ ಮನೆಯವರು ಇದನ್ನು ಓದಿಯಾದರೂ ಕಾಗದ ಕೇಳಬೇಕು. ಹದಿನೆಂಟು ತುಂಬದ ಮಕ್ಕಳು ಮಾಡಿಕೊಂಡ ಕರಾರು 1872ರ ಕರಾರು ಕಾಯ್ದೆಯ ಪ್ರಕಾರ ನಿಲ್ಲುವುದೇ ಇಲ್ಲ. ಪೋಷಕರೇ ಸಹಿ ಹಾಕಬೇಕಾಗುತ್ತದೆ, ಹಾಗಾಗಿ ಓದುವ ಹೊಣೆಯೂ ಅವರದೇ.

ಸ್ಪರ್ಧೆಗೆ ಸೇರುವಾಗ ವಾಹಿನಿಯ ಜೊತೆ ಆದ ಒಪ್ಪಂದವನ್ನೂ ಇದರ ಜೊತೆ ತೆಗೆದು ನೋಡಬೇಕು. ಕಾರ್ಯಕ್ರಮ ಮುಗಿದ ಮೇಲೂ ಇಂತಿಷ್ಟು ಕಾಲ ಬೇರೆ ವಾಹಿನಿಯಲ್ಲಿ, ಬೇರೆ ಕಂಪನಿಗೆ ಹಾಡಬಾರದು ಎಂಬ ಷರತ್ತು ಅಂಥ ಒಪ್ಪಂದಗಳಲ್ಲಿ ಇರುವುದುಂಟು. ಫೈನಲ್ ಮುಗಿದ ಕೂಡಲೇ ಬರಬೇಕಿದ್ದ ಆಲ್ಬಂ ತಡವಾಗುವುದಕ್ಕೆ ಇದು ಕಾರಣವಾಗಬಹುದು.

ಗಾಯಕಿಯೇ ಹಣ ಹಾಕಿ, ತಾನೇ ಸ್ಟುಡಿಯೊ ಗೊತ್ತುಮಾಡಿ ರೆಕಾರ್ಡ್ ಮಾಡಿದರೆ ಚಿತ್ರ ಬದಲಾಗುತ್ತದೆ. ಆಗ ಕಾನೂನಿನ ಪ್ರಕಾರ ನಿರ್ಮಾಪಕಿ ಆಕೆಯೇ, ಧ್ವನಿಮುದ್ರಣ ಆಕೆಯ ಸೊತ್ತು. ಇಂದು ವಿತರಣೆ ಮಾತ್ರ ಮಾಡಿಕೊಡುವ ಕಂಪನಿಗಳಿವೆ. ಅವು ವಾರ್ಷಿಕ ಶುಲ್ಕಕ್ಕೋ ಆದಾಯದ ಒಂದು ಪಾಲಿಗೋ ಹಾಡನ್ನು ಎಲ್ಲ ಆ್ಯಪ್‌ಗಳಿಗೆ ತಲುಪಿಸುತ್ತವೆ. ಖರ್ಚಿನ ಭಾರ ಮನೆಯ ಮೇಲೆ ಬೀಳುತ್ತದೆ, ಪ್ರಚಾರವನ್ನೂ ತಾವೇ ಮಾಡಬೇಕು. ಎರಡೂ ದಾರಿಯಲ್ಲಿ ಲಾಭ-ಕಷ್ಟ ಇವೆ. ಯಾವುದನ್ನು ಆರಿಸಿದೆವೆಂದು ತಿಳಿದು ಆರಿಸಿದ್ದರೆ ಸಾಕು.

## ನಾವು ಕೇಳಿದರೆ ರೊಕ್ಕ ಬರುತ್ತದೆಯೇ?

ಬರುತ್ತದೆ, ಆದರೆ ಸುತ್ತು ಬಳಸಿ. ಹೆಚ್ಚಿನ ಆ್ಯಪ್‌ಗಳು ತಿಂಗಳ ಚಂದಾ ಮತ್ತು ಜಾಹೀರಾತಿನ ಹಣವನ್ನೆಲ್ಲ ಒಂದೆಡೆ ಸೇರಿಸಿ, ತಮ್ಮ ಪಾಲು ತೆಗೆದು, ಉಳಿದದ್ದನ್ನು ಆ ತಿಂಗಳ ಒಟ್ಟು ಕೇಳಿಕೆಗೆ ಭಾಗಿಸುತ್ತವೆ. ಲೆಕ್ಕಕ್ಕಾಗಿ ಊಹಿಸಿಕೊಳ್ಳಿ: ಹಂಚಬೇಕಾದ ಹಣ ಹತ್ತು ಲಕ್ಷ ರೂಪಾಯಿ, ಎಲ್ಲ ಹಾಡುಗಳೂ ಸೇರಿ ಒಂದು ಕೋಟಿ ಸಲ ಕೇಳಲ್ಪಟ್ಟಿವೆ. ಒಂದು ಕೇಳಿಕೆಗೆ ಹತ್ತು ಪೈಸೆ ಆಯಿತು. ನಮ್ಮ ಹುಡುಗಿಯ ಹಾಡುಗಳು ಇಪ್ಪತ್ತು ಸಾವಿರ ಸಲ ಕೇಳಿಸಿದ್ದರೆ ಎರಡು ಸಾವಿರ ರೂಪಾಯಿ. ಅದು ಹೋಗುವುದು ಹಕ್ಕುದಾರರಿಗೆ. ಒಪ್ಪಂದದಲ್ಲಿ ಆಕೆಯ ಪಾಲು ಶೇ 20 ಎಂದಿದ್ದರೆ ಕೈಗೆ ಬರುವುದು ನಾನೂರು. ನೀವು ಚಂದಾ ಕಟ್ಟಿ ತಿಂಗಳಿಡೀ ಆಕೆಯ ಹಾಡನ್ನಷ್ಟೇ ಕೇಳಿದರೂ ನಿಮ್ಮ ಚಂದಾ ಪೂರ್ತಿ ಆಕೆಗೆ ಹೋಗುವುದಿಲ್ಲ, ಎಲ್ಲರ ಹಣದ ಜೊತೆ ಕೂಡಿ ಹಂಚಿಹೋಗುತ್ತದೆ.

ಯಾವುದನ್ನು ಒಂದು ಕೇಳಿಕೆ ಎಂದು ಎಣಿಸುತ್ತಾರೆ? ಸ್ಪಾಟಿಫೈನಲ್ಲಿ ಕನಿಷ್ಠ 30 ಸೆಕೆಂಡು ಕೇಳಿದರೆ ಒಂದು. 2024ರಿಂದ ಅಲ್ಲಿ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸದ ಹಾಡಿಗೆ ಧ್ವನಿಮುದ್ರಣದ ಹಣವೇ ಇಲ್ಲ. ಯೂಟ್ಯೂಬಿನಲ್ಲಿ ಸ್ವಂತ ಚಾನೆಲ್ಲಿಗೆ ಜಾಹೀರಾತಿನ ಪಾಲು ಬರಬೇಕಾದರೆ 1,000 ಚಂದಾದಾರರು ಇರಬೇಕು, ಜೊತೆಗೆ ಹನ್ನೆರಡು ತಿಂಗಳಲ್ಲಿ 4,000 ಗಂಟೆ ವೀಕ್ಷಣೆಯೋ ತೊಂಬತ್ತು ದಿನದಲ್ಲಿ ಒಂದು ಕೋಟಿ ಶಾರ್ಟ್ಸ್ ವೀಕ್ಷಣೆಯೋ ಆಗಿರಬೇಕು. ಹಾಡನ್ನು ಎಂಪಿ3 ಮಾಡಿ ವಾಟ್ಸಾಪಿನಲ್ಲಿ ಹಂಚಿದರೆ ಎಷ್ಟು ಸಾವಿರ ಜನ ಕೇಳಿದರೂ ಒಂದೂ ಎಣಿಕೆಗೆ ಬರುವುದಿಲ್ಲ. ಪ್ರೀತಿಯಿಂದ ಮಾಡುವ ಈ ಕೆಲಸ ಹಾಡಿದವರಿಗೆ ನಷ್ಟ. ಫೈಲಿನ ಬದಲು ಲಿಂಕನ್ನೇ ಕಳಿಸಿ.

ಹಾಗಾದರೆ ಹೊಸ ಗಾಯಕರ ಜೀವನ ನಡೆಯುವುದು ಹೇಗೆ? ಹೆಚ್ಚಿನವರದು ಕಾರ್ಯಕ್ರಮಗಳಿಂದ. ಜಾತ್ರೆಯ ರಸಮಂಜರಿ, ಕಾಲೇಜಿನ ಗ್ಯಾದರಿಂಗ್, ಹುಬ್ಬಳ್ಳಿಯ ಗಣೇಶೋತ್ಸವ, ಮದುವೆಯ ಆರತಕ್ಷತೆ. ಅಲ್ಲಿ ಸಿಗುವ ಸಂಭಾವನೆ ನೇರ ಕೈಗೆ ಬರುತ್ತದೆ. ಸ್ವಂತದ್ದೊಂದು ಆಲ್ಬಂ ಇದ್ದರೆ ಸಂಘಟಕರು ಕರೆಯುವಾಗ ‘ಟಿವಿಯಲ್ಲಿ ಬಂದಿದ್ದರು’ ಎನ್ನುವುದಕ್ಕಿಂತ ಮುಂದಿನ ಗುರುತು ಸಿಗುತ್ತದೆ, ಸಂಭಾವನೆಯ ಮಾತಿನಲ್ಲೂ ಅದು ಕೆಲಸ ಮಾಡುತ್ತದೆ. ಟಿವಿಗೆ ಮುಂಚಿನ ಕಾಲದಲ್ಲಿ ಇಂಥ ಗುರುತನ್ನು ಆಕಾಶವಾಣಿ ಕೊಡುತ್ತಿತ್ತು. 1950ರಲ್ಲಿ ಶುರುವಾದ ಧಾರವಾಡ ನಿಲಯದ ಆಡಿಷನ್ ಪಾಸಾಗಿ ಬಿ, ಬಿ ಹೈ, ಎ ಎಂದು ಗ್ರೇಡ್ ಪಡೆದವರ ಹೆಸರಿನ ಮುಂದೆ ‘ಆಕಾಶವಾಣಿ ಕಲಾವಿದರು’ ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು, ಇಂದಿಗೂ ಆಗುತ್ತದೆ.

## ಲಿಂಕು ತೆರೆದಾಗ ಏನು ನೋಡಬೇಕು?

ಹಾಡಿನ ಕೆಳಗಿನ ವಿವರ ಓದಿ. ಆ್ಯಪ್‌ನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕೆ ಒತ್ತಿದರೆ ಹಲವು ಕಡೆ ಹೆಸರುಗಳ ಪಟ್ಟಿ ಸಿಗುತ್ತದೆ. ಯೂಟ್ಯೂಬಿನಲ್ಲಿ ವಿಡಿಯೊದ ಕೆಳಗೆ ಇರುತ್ತದೆ. ಸಾಹಿತ್ಯ ಯಾರದು, ಸಂಯೋಜನೆ ಯಾರದು, ತಬಲಾ ನುಡಿಸಿದವರು ಯಾರು ಎಂದು ಕಾಣಬೇಕು. ವೃತ್ತದೊಳಗಿನ ‘ಪಿ’ ಗುರುತಿನ ಮುಂದೆ ಇರುವ ಹೆಸರು ಧ್ವನಿಮುದ್ರಣದ ಒಡೆಯರದು. ಅಲ್ಲಿ ಗಾಯಕಿಯ ಹೆಸರಿದೆಯೋ ಕಂಪನಿಯದೋ ಎಂದು ನೋಡಿದರೆ ಈ ಲೇಖನದ ಅರ್ಧ ಭಾಗ ಒಂದು ಸಾಲಿನಲ್ಲಿ ಸಿಕ್ಕಂತೆ. 1902ರಲ್ಲಿ ಕಲ್ಕತ್ತೆಯಲ್ಲಿ ಧ್ವನಿಮುದ್ರಣ ಮಾಡಿದಾಗ ಗೌಹರ್ ಜಾನ್ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ, ಅಲ್ಲಿಯವರಿಗೆ ಇದು ಯಾರ ದನಿ ಎಂದು ತಿಳಿಯಬೇಕಿತ್ತು. ಇಂದು ಆ ಕೆಲಸವನ್ನು ಈ ಪಟ್ಟಿಯೂ, ಪ್ರತಿ ಧ್ವನಿಮುದ್ರಣಕ್ಕೆ ಸಿಗುವ ಐಎಸ್‌ಆರ್‌ಸಿ ಎಂಬ ಹನ್ನೆರಡು ಅಕ್ಷರ-ಅಂಕಿಗಳ ಸಂಖ್ಯೆಯೂ ಮಾಡುತ್ತವೆ. ಕೇಳಿಕೆಯ ಲೆಕ್ಕ, ಹಣದ ಲೆಕ್ಕ ಎರಡೂ ನಡೆಯುವುದು ಈ ಸಂಖ್ಯೆಯ ಆಧಾರದ ಮೇಲೆ.

ಪಟ್ಟಿಯಲ್ಲಿ ಊರಿನ ತಬಲಾ ಮಾಸ್ತರರ ಹೆಸರು ಬಿಟ್ಟುಹೋಗಿದ್ದರೆ, ಸಾಹಿತ್ಯ ಬರೆದವರ ಹೆಸರು ತಪ್ಪಾಗಿದ್ದರೆ ಆಲ್ಬಂ ತಂದವರಿಗೆ ಹೇಳಿ. ಅವರು ವಿತರಣಾ ಕಂಪನಿಗೆ ಬರೆದು ತಿದ್ದಿಸಬಹುದು. ಅದಕ್ಕೆ ಹಾಡನ್ನು ತೆಗೆದು ಮತ್ತೆ ಹಾಕಬೇಕಿಲ್ಲ, ವಿವರವನ್ನಷ್ಟೇ ಬದಲಿಸುತ್ತಾರೆ. ಐಎಸ್‌ಆರ್‌ಸಿ ಅದೇ ಇರುವುದರಿಂದ ಅಲ್ಲಿಯವರೆಗಿನ ಕೇಳಿಕೆಯ ಎಣಿಕೆಯೂ ಹಾಗೇ ಉಳಿಯುತ್ತದೆ.